ಎಡಗಡೆಯ ಲೈಟ್ ಈ ಗಾಡಿಯದಲ್ಲ

ಶಟರ್ ಮೇಲೇಳುವ ಸದ್ದು ಕೇಳಿದಾಗ ನಾನು ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದೆ!

ತಲೆ ಬ್ರೇಕ್ ಪೆಡಲ್ ಪಕ್ಕ. ಕಾಲು ಗಾಡಿಯ ಹೊರಗೆ. ಎದೆಯ ಮೇಲೆ ಗಾಡಿಯ ದೋಷ ಓದುವ ಸ್ಕ್ಯಾನರ್. ಅದರ ವೈರು ಡ್ಯಾಶ್‌ಬೋರ್ಡಿನ ಅಡಿಯ ಸಾಕೆಟ್ಟಿನಲ್ಲಿ.

ಮಧ್ಯಾಹ್ನದ ಹೊತ್ತು. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಕುಬೇರಪ್ಪನವರ ಹತ್ತಿ ಗೋಡೌನು. ಹಮಾಲರು ಊಟಕ್ಕೆ ಹೋಗಿದ್ದರು. ಸುತ್ತ ಮಾಡಿನವರೆಗೂ ಹತ್ತಿಯ ದೊಡ್ಡ ಮೂಟೆಗಳು, ಅಂಡಿಗೆಗಳು. ನಡುವೆ ಅಡಗಿಸಿ ನಿಲ್ಲಿಸಿದ ಬಿಳಿ ಎಸ್‌ಯುವಿ. ಕೀ ಗಾಡಿಯಲ್ಲೇ ಇತ್ತು. ಗೋಡೌನಿನೊಳಗಿನ ಗಾಡಿಯ ಕೀ ಯಾರು ತೆಗೆದಿಡುತ್ತಾರೆ, ಹೇಳಿ?

ನಾನು ಒಳಗೆ ಹೇಗೆ ಬಂದೆ ಅಂತೀರಾ? ಮುಂಬಾಗಿಲಿನಿಂದಲೇ! ನನ್ನ ಹೆಸರು ಫೇಬಿ. ಇನ್ಶೂರೆನ್ಸ್ ಸರ್ವೇಯರ್. ಗುದ್ದಿದ ಗಾಡಿ, ಸುಟ್ಟ ಗೋಡೌನು ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಹುಡುಕುವುದು ನನ್ನ ಕೆಲಸ. ಹತ್ತಿ ಸ್ಟಾಕ್ ನೋಡಬೇಕು ಅಂತ ಕಾರ್ಡು ತೋರಿಸಿದೆ. ವಾಚ್‌ಮನ್ ಸಲಾಮು ಹೊಡೆದು ಬಿಟ್ಟ.

ಈಗ ಶಟರ್ ಅರ್ಧ ಮೇಲೆ. ಎರಡು ಜೊತೆ ಕಾಲು. ಒಂದು ಬಿಳಿ ಶೂ. ಒಂದು ಹರಿದ ಚಪ್ಪಲಿ.

ಮೆಲ್ಲಗೆ ಕಾಲು ಒಳಗೆಳೆದುಕೊಂಡೆ, ಬಾಗಿಲನ್ನೂ ಎಳೆದುಕೊಂಡೆ. ಸ್ಕ್ರೀನ್ ಕಡೆ ನೋಡಿದೆ. ಗಾಡಿಯ ದೋಷ ಹೇಳುವ ಎರಡು ಎರರ್ ಕೋಡು.

ಮೊದಲನೆಯದು ಹಳೆಯದು. ಎಡಗಡೆ ಹೆಡ್‌ಲೈಟಿನ ಲೈನು ಕಡಿದಿದೆ ಅಂತ. ಆದರೆ ಆಗತಾನೇ ನಾನು ಲೈಟ್ ಹಾಕಿ ನೋಡಿದ್ದೆ. ಎರಡೂ ಝಗಝಗ ಉರಿದಿದ್ದವು! ಲೈನು ಸರಿಯಿದೆ. ಅಂದರೆ ಹಿಂದೆ ಯಾವತ್ತೋ ಕಡಿದಿತ್ತು, ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆ.

ಎರಡನೆಯದು ಜೀವಂತ ಕೋಡು. ಅಳಿಸಿದರೂ ಮತ್ತೆ ಬರುವಂಥದ್ದು.

ಎಡಗಡೆಯ ಲೈಟ್ ಈ ಗಾಡಿಯದಲ್ಲ.

ಹೀಗೆ ಕೇಳಿ. ಇಂಥ ದೊಡ್ಡ ಗಾಡಿಗಳಲ್ಲಿ ಲೈಟಿನೊಳಗೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರಲ್ಲಿ ಗಾಡಿಯ ಚಾಸಿ ನಂಬರ್ ಬರೆದಿರುತ್ತದೆ. ಕೀ ತಿರುಗಿಸಿದಾಗಲೆಲ್ಲ ಗಾಡಿ ಲೈಟನ್ನು ಕೇಳುತ್ತದೆ, ನೀನು ನನ್ನವನೇನು ಅಂತ. ಬೇರೆ ಗಾಡಿಯಿಂದ ಬಿಚ್ಚಿ ತಂದ ಲೈಟು ಬೇರೆ ನಂಬರ್ ಹೇಳುತ್ತದೆ. ಉರಿಯುವುದೇನೋ ಉರಿಯುತ್ತದೆ. ಗಾಡಿ ಮಾತ್ರ ದೂರು ಹೇಳುತ್ತಲೇ ಇರುತ್ತದೆ!

ಶೋರೂಮಿನಲ್ಲಿ ಹೊಸ ಲೈಟು ಕೇಳಿದರೆ ಗಾಡಿ ನಂಬರ್ ಕೊಡಬೇಕು. ಹೆಸರು ಹೊರಗೆ ಬರುತ್ತದೆ. ಅದಕ್ಕೇ ಗುಟ್ಟಾಗಿ ಹಳೆಯದನ್ನು ತಂದು ಕೂರಿಸಿದ್ದಾರೆ. ಯಾಕೆ? ಯಾಕೆಂದರೆ ಇದರ ಸ್ವಂತ ಎಡಗಡೆ ಲೈಟು ಸುಳ್ಳ ಹಳ್ಳಿಯ ರಸ್ತೆಯಲ್ಲಿ ಒಡೆದಿತ್ತು. ಲೂಸಿಯ ಸ್ಕೂಟಿಗೆ ಬಡಿದು!

ಲೂಸಿ ನರ್ಸು. ನಮ್ಮ ಚರ್ಚಿನವಳು. ಕ್ವಾಯರಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಹೋದ ವಾರ ಸಂಜೆ ಸುಳ್ಳದಲ್ಲಿ ಯಾವುದೋ ಬಾಣಂತಿಯನ್ನು ನೋಡಿ ವಾಪಸ್ ಬರುತ್ತಿದ್ದಳು. ಯಾವನೋ ಗುದ್ದಿದ. ಗುದ್ದಿ ಓಡಿಹೋಗಿದ್ದರೆ ಅದೊಂದು ಮಾತು. ಅವನು ಇಳಿದ. ಉಸಿರಾಡುತ್ತಿದ್ದವಳನ್ನು ಎಳೆದೊಯ್ದು ಗಟಾರಕ್ಕೆ ಹಾಕಿದ. ಮೇಲೆ ಜಾಲಿ ಕಂಟಿ ಮುಚ್ಚಿದ. ಬೆಳಗ್ಗೆ ಕುರಿಯವರು ನೋಡುವ ಹೊತ್ತಿಗೆ ಅವಳಲ್ಲಿ ಜೀವವಿರಲಿಲ್ಲ. ಗಟಾರಕ್ಕೆ ಬಿದ್ದಾಗ ಇನ್ನೂ ಉಸಿರಿತ್ತು ಅಂತ ಪೋಸ್ಟ್‌ಮಾರ್ಟಮ್ ಹೇಳಿತು.

ಪೊಲೀಸರು ಸುಳ್ಳದ ಯಲ್ಲೇಶನನ್ನು ಹಿಡಿದರು. ಟೆಂಪೋ ಓಡಿಸುವವನು. ಅವನ ಟೆಂಪೋದ ಒಂದು ಲೈಟು ಮೊದಲೇ ಒಡೆದಿತ್ತು. ಅಷ್ಟು ಸಾಕಾಯಿತು! ಕೊಲೆ ಕೇಸು. ಒಪ್ಪಿಕೊಳ್ಳದಿದ್ದರೆ ನಿನ್ನ ತಾಯಿಯನ್ನು ಊರಲ್ಲಿ ಇರಗೊಡುವುದಿಲ್ಲ ಅಂತ ಯಾರೋ ಜೈಲಿಗೇ ಹೇಳಿ ಕಳಿಸಿದ್ದರು. ನಾಳೆ ಬೆಳಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ ಅಂತ ಅವನು ಬರೆದುಕೊಟ್ಟಿದ್ದ. ಅವನ ತಾಯಿ ಮುದಕವ್ವ ನನ್ನ ಮನೆ ಮೆಟ್ಟಿಲ ಮೇಲೆ ಕೂತು ಹೇಳಿದ್ದು ಇಷ್ಟೇ.

"ಅಕ್ಕಾರ, ನನ್ನ ಮಗಾ ಕೋಳಿಗೂ ಬ್ರೇಕ್ ಹಾಕತಾನ್ರಿ."

ಸ್ಥಳದಲ್ಲಿ ಸಿಕ್ಕ ಲೈಟಿನ ಚೂರಿನ ಫೋಟೋ ನೋಡಿದೆ. ಟೆಂಪೋದ್ದು ಅಲ್ಲವೇ ಅಲ್ಲ! ದೊಡ್ಡ ಗಾಡಿಯದು. ಅಂಥ ಗಾಡಿ ಇಟ್ಟವರು ಹುಬ್ಬಳ್ಳಿಯಲ್ಲಿ ಬೆರಳೆಣಿಕೆಯಷ್ಟು ಜನ. ಒಬ್ಬೊಬ್ಬರದೇ ನೋಡುತ್ತ ಬಂದೆ. ಲೂಸಿ ಸತ್ತ ದಿನದಿಂದ ರಸ್ತೆಗೇ ಇಳಿಯದ ಗಾಡಿ ಒಂದೇ, ಕುಬೇರಪ್ಪನವರದು. ಇನ್ಸ್‌ಪೆಕ್ಟರಿಗೆ ಹೇಳಿದರೆ, ದೂರದಿಂದಲೇ ನೋಡಿ, ಎರಡೂ ಲೈಟು ಸರಿ ಇವೆ ಮೇಡಂ ಅಂದು ಕೈ ತೊಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಸ್ಕ್ಯಾನರ್ ಹಿಡಿದು ನಾನೇ ಬಂದೆ.

ಸರಿ... ಬಿಳಿ ಶೂ ಹತ್ತಿರ ಬಂತು.

ಅದು ಕುಬೇರಪ್ಪನವರ ಮಗ ಸೌರಭ. ಚಪ್ಪಲಿಯವನು ಅವರ ಡ್ರೈವರ್ ಅಮರೇಶ. ಸಂಜೆಯೊಳಗೆ ಗಾಡಿ ಕೊಲ್ಹಾಪುರ ಮುಟ್ಟಬೇಕು, ಅಲ್ಲಿ ಪೂರ್ತಿ ಬಿಚ್ಚಿ ಪಾರ್ಟು ಪಾರ್ಟು ಮಾಡುತ್ತಾರೆ ಅಂತ ಸೌರಭ ಹೇಳುತ್ತಿದ್ದ. ಅಮರೇಶನಿಗೆ ಬೇರೆ ಚಿಂತೆ.

"ಸಣ್ಣ ಸಾವಕಾರ್ರ, ಆ ಒಡದ ಲೈಟ್?"

"ಗುಜರಿಗೆ ಹಾಕಾಕ ಹೊಂಟಿದ್ದೆ. ಅವ್ವ ಕಸಗೊಂಡ್ಲು. ವಿಭೂತಿ ಹಚ್ಚಿದ್ದು, ಪೂಜಿ ಆಗಿದ್ದು, ಗುಜರಿಗೆ ಹಾಕಬಾರದಂತ."

"ಈಗ ಎಲ್ಲೈತ್ರಿ?"

"ಯಾವುದರೆ ಕೆರಿಗೆ ಬಿಟ್ಟಿರತಾಳ. ನೀ ಗಾಡಿ ತಗಿ."

ಗಾಡಿ ತಗಿ!

ಬಾಗಿಲ ಹಿಡಿಕೆಗೆ ಅಮರೇಶನ ಕೈ ಬಿತ್ತು. ಇನ್ನು ಯೋಚಿಸಲು ಹೊತ್ತಿಲ್ಲ. ಕತ್ತಲ ಗೋಡೌನು... ಕೈ ಮೇಲೆ ಚಾಚಿ ಹೈ ಬೀಮ್ ಎಳೆದೆ.

ಎರಡೂ ಲೈಟು ಧಗ್ ಅಂತ ಹೊತ್ತಿಕೊಂಡವು. ಮುಂದೆ ನಿಂತಿದ್ದ ಸೌರಭ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಜೋಲಿ ಹೊಡೆದ. ಬಾಗಿಲು ಒದ್ದೆ. ಅಮರೇಶನ ಮೊಣಕಾಲಿಗೇ ಬಡಿಯಿತು. ಹಾರಿ ಓಡಿದೆ. ವೈರು ಕಾಲಿಗೆ ಸುತ್ತಿ ಸ್ಕ್ಯಾನರ್ ಕೆಳಗೆ ಬಿತ್ತು. ಬಗ್ಗಿದೆ... ಅಮರೇಶ ಅದರ ಮೇಲೆಯೇ ಕಾಲಿಟ್ಟ. ಚಟಾರ್! ಅವನ ಕೈ ನನ್ನ ಹೆಗಲ ಚೀಲಕ್ಕೆ. ಚೀಲ ಬಿಟ್ಟೆ. ಫೋನು, ಕಾರ್ಡು, ಎಲ್ಲ ಅದರಲ್ಲೇ.

ಅಂಡಿಗೆಗಳ ಸಂದಿಯಲ್ಲಿ ನುಗ್ಗಿ ಹೊರಗೆ ಬಿದ್ದೆ. ಯಾರ್ಡಿನಲ್ಲಿ ಹಮಾಲರು ಎಲೆ ಅಡಿಕೆ ಹಾಕುತ್ತ ವಾಪಸ್ ಬರುತ್ತಿದ್ದರು. ಅವರ ಎದುರಿಗೆ ಹೆಂಗಸಿನ ಬೆನ್ನಟ್ಟಲು ಸಣ್ಣ ಸಾಹುಕಾರನಿಗೆ ಧೈರ್ಯ ಸಾಲಲಿಲ್ಲ. ನನ್ನ ಹಳೇ ಕಾರಿಗೆ ಹಾರಿ ಕೂತೆ. ಕಾರಿನ ಕೀ ಕಿಸೆಯಲ್ಲಿತ್ತು, ಪುಣ್ಯ! ಗಾಬರಿಯಲ್ಲಿ ಮೊದಲು ಮನೆಯ ಕೀ ತೂರಿಸಿದೆ. ಹೌದು, ಹೆದರಿದ್ದೆ! ಹೆದರಿಲ್ಲ ಅಂದರೆ ಸುಳ್ಳಾಗುತ್ತದೆ.

ಸ್ಕ್ಯಾನರ್ ಪುಡಿ. ಗಾಡಿ ಕೊಲ್ಹಾಪುರಕ್ಕೆ. ಉಳಿದದ್ದು ಆ ಒಡೆದ ಲೈಟು ಒಂದೇ.

ಗೋಕುಲ ರಸ್ತೆಯಲ್ಲಿ ಅಹಮದಸಾಬನ ಅಂಗಡಿ ಮುಂದೆ ನಿಲ್ಲಿಸಿದೆ. ಕಾರಿನ ವೈರಿಂಗ್ ಕೆಲಸದವನು. ಸ್ಕ್ಯಾನರ್ ಅವನದು. ಒಡೆಯಿತು ಅಂದೊಡನೆ ನನ್ನ ಏಳು ತಲೆಮಾರನ್ನು ಜಾಲಾಡಿದ. ನಾನೂ ಬಿಡಲಿಲ್ಲ. ಜಗಳ ಮುಗಿದ ಮೇಲೆ ಕೇಳಿದೆ, ಗಾಡಿ ಇಲ್ಲದೆ ಬರೀ ಲೈಟು ಸಿಕ್ಕರೆ ಅದರೊಳಗಿನ ನಂಬರ್ ಓದಲಾಗುತ್ತದೆಯೇ ಅಂತ.

"ಬ್ಯಾಟರಿ ಕರೆಂಟ್ ಕೊಟ್ಟರ ಮಾತಾಡತೈತಿ," ಅಂದ. "ಹಲ್ಲು ಮುರದಿದ್ದರೂ ನಾಲಿಗಿ ಇರತೈತಿ."

ಇನ್ನೊಂದು ಸ್ಕ್ಯಾನರ್ ತೆಗೆದುಕೊಂಡು ಠಾಣೆಗೆ ಬಂದು ಕೂತಿರು, ಇನ್ಸ್‌ಪೆಕ್ಟರು ಎದ್ದು ಹೋಗದಂತೆ ನೋಡಿಕೋ ಅಂದೆ. ಬೈದುಕೊಳ್ಳುತ್ತಲೇ ಅಂಗಿ ತೊಟ್ಟ.

ದೇಶಪಾಂಡೆ ನಗರ. ಕುಬೇರಪ್ಪನವರ ಮನೆ. ಬಾಗಿಲು ತೆರೆದವರು ಅವರ ಹೆಂಡತಿ ದಾಕ್ಷಾಯಿಣಿ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಹೂ ಕಟ್ಟುವ ದಾರ. ಇನ್ಶೂರೆನ್ಸಿನವಳು, ನಿಮ್ಮ ಗಾಡಿಯ ಹಳೇ ಲೈಟು ನೋಡಬೇಕಿತ್ತು ಅಂದೆ. ಒಳಗೆ ಕರೆದು ನೀರು ಕೊಟ್ಟರು. ಬೆಲ್ಲವನ್ನೂ ಕೊಟ್ಟರು. ನನ್ನ ಅಂಗಿಯ ಹರಿದ ತೋಳು ನೋಡಿ, ಏನಾಯಿತು ತಂಗಿ, ಬಿದ್ದೆಯೇನು ಅಂತ ಕೇಳಿದರು. ಹೌದು ಅಂದೆ.

ಆ ಲೈಟು ಮನೆಯಲ್ಲಿಲ್ಲ ಅಂದರು. ಅಮವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡಿ, ಎರಡೂ ಲೈಟಿಗೆ ತಮ್ಮ ಕೈಯಾರೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದರಂತೆ. ಗಾಡಿಯ ಕಣ್ಣಲ್ಲವೇ ಅವು? ಹಾಗೆ ಪೂಜೆಯಾದದ್ದು ಒಡೆದರೆ, ಹಳೇ ದೇವರ ಫೋಟೋ ಇಡುವ ಹಾಗೆ, ಒಯ್ದು ಬನ್ನಿ ಗಿಡದ ಬುಡದಲ್ಲಿ ಇಡಬೇಕು. ಅವರ ತವರು ಹೆಬ್ಬಳ್ಳಿ. ಅಲ್ಲಿ ತವರಿನ ಹೊಲದಲ್ಲಿ ಬನ್ನಿ ಗಿಡ. ಅಲ್ಲೇ ಇಟ್ಟು, ಹೂ ಏರಿಸಿ, ಕೈ ಮುಗಿದು ಬಂದಿದ್ದರು.

ನಾನು ಏಳುವಷ್ಟರಲ್ಲಿ ಅವರು ದನಿ ತಗ್ಗಿಸಿದರು.

"ನೀವು ಎಲ್ಲಾ ತಪಾಸ ಮಾಡಿರತೀರಿ. ಆ ಎಮ್ಮಿ ಸತ್ತಿತೇನ್ರಿ?"

"ಯಾವ ಎಮ್ಮಿ?"

"ನಮ್ಮ ಸೌರಭನ ಗಾಡಿಗೆ ಅಡ್ಡ ಬಂದಿದ್ದು. ಮೂಕ ಪ್ರಾಣಿ ನೋಡ್ರಿ. ಅವತ್ತಿನಿಂದ ನಾ ಹಾಲು ಮಸರು ಮುಟ್ಟಿಲ್ಲ."

ನನ್ನ ಬಾಯಲ್ಲಿ ಬೆಲ್ಲ ಕಹಿಯಾಯಿತು. ನಿಜವಾಗಿ ಹೇಳುತ್ತೇನೆ, ಆ ಕ್ಷಣ ಎದ್ದು ಓಡಿಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಅವರ ಫೋನು! ಸೌರಭ. ಯಾರಾದರೂ ಮನೆಗೆ ಬಂದಿದ್ದರಾ ಅಂತ ಕೇಳಿದನೆಂದು ಕಾಣುತ್ತದೆ. ತಾಯಿ ಮುಗ್ಧವಾಗಿ ಎಲ್ಲ ಹೇಳಿದರು. ಹೌದಪ್ಪಾ, ಇನ್ಶೂರೆನ್ಸಿನ ಮೇಡಂ ಇಲ್ಲೇ ಕೂತಿದ್ದಾರೆ... ಲೈಟು ಹೆಬ್ಬಳ್ಳಿಯ ಬನ್ನಿ ಗಿಡದ ಹತ್ತಿರ ಇದೆ ಅಂತ ಹೇಳಿದ್ದೇನೆ... ಫೋನು ಕಟ್ಟಾಯಿತು.

ಹೋಯಿತು! ಇನ್ನು ಯಾರು ಮೊದಲು ಮುಟ್ಟುತ್ತಾರೋ ಅವರದು.

ಹೊಸ್ತಿಲು ದಾಟಿದವಳು ನಿಂತೆ. ಹೇಳದೆ ಹೋಗಬಹುದಿತ್ತು. ಆದರೆ ಲೂಸಿಯನ್ನು ಎಮ್ಮೆ ಅಂತ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ.

"ಎಮ್ಮಿ ಅಲ್ರಿ ಅಮ್ಮಾರ. ನರ್ಸ್. ಲೂಸಿ ಅಂತ ಹೆಸರು. ಜೀವ ಇದ್ದಾಗನ ಗಟಾರಕ್ಕ ಹಾಕ್ಯಾನ."

ಅವರು ಕೈಯ ದಾರವನ್ನು ಕಿಟಕಿಯ ಮೇಲಿಟ್ಟರು. ಚಪ್ಪಲಿ ಮೆಟ್ಟಿದರು. ನನ್ನ ಕಾರಿನ ಬಾಗಿಲು ತೆಗೆದು ಕೂತೇಬಿಟ್ಟರು.

"ಗಿಡ ನಾ ತೋರಸ್ತೇನಿ," ಅಂದರು. "ನಿಮಗ ಗೊತ್ತಾಗೂದಿಲ್ಲ."

ಮಗನನ್ನು ಉಳಿಸಲು ಬರುತ್ತಿದ್ದಾರೋ, ಹಿಡಿದುಕೊಡಲು ಬರುತ್ತಿದ್ದಾರೋ? ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಉಣಕಲ್ಲು ದಾಟಿತು. ನವನಗರ ದಾಟಿತು. ಪೇಟೆ ಮುಗಿದು ಕರಿ ಎರೆ ಹೊಲಗಳು ಬಂದವು. ಅವರ ಮಡಿಲಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸೌರಭ... ಸೌರಭ... ಸೌರಭ. ಅವರು ಎತ್ತಲಿಲ್ಲ. ಬಂದ್ ಕೂಡ ಮಾಡಲಿಲ್ಲ. ಸುಮ್ಮನೆ ಅದರ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು.

ಹೆಬ್ಬಳ್ಳಿ ರಸ್ತೆಗೆ ಹೊರಳಿದೆ. ಕನ್ನಡಿಯಲ್ಲಿ ಬೆಳಕು ಚುಚ್ಚಿತು.

ಬಿಳಿ ಎಸ್‌ಯುವಿ! ಕೊಲ್ಹಾಪುರಕ್ಕೆ ಹೋಗಬೇಕಿದ್ದ ಗಾಡಿ ನನ್ನ ಬೆನ್ನಿಗೆ. ಹಾಡಹಗಲೇ ಹೈ ಬೀಮ್ ಹೊಡೆಯುತ್ತ ಬರುತ್ತಿತ್ತು. ಎಡಗಡೆಯ ಬೆಳಕು ಬಲಗಡೆಗಿಂತ ಒಂದಿಷ್ಟು ಹೆಚ್ಚು ಬಿಳಿ.

ನನ್ನ ಕಾರು ಮುದಿ ಕಾರು. ಎಕ್ಸಿಲರೇಟರ್ ಪೂರ್ತಿ ಒತ್ತಿದೆ. ಇಂಜಿನ್ ಕಿರುಚಿತೇ ಹೊರತು ಓಡಲಿಲ್ಲ. ಮುಂದೆ ಮೇವಿನ ಟ್ರ್ಯಾಕ್ಟರ್. ಬಲಕ್ಕೆಳೆದೆ. ಎದುರಿಗೆ ಬಸ್ಸು! ಒಳಗೆ ನುಗ್ಗಿದೆ. ಕೂದಲೆಳೆಯಲ್ಲಿ ಪಾರು. ಬೆನ್ನಿಗೆ ಬಿದ್ದವನೂ ಪಾರು. ದಢಾರ್ ಅಂತ ಹಿಂದಿನಿಂದ ಗುದ್ದಿದ.

"ಕೂತಿರೂದು ನೀವು ಅಂತ ಅವಗ ಗೊತ್ತಿಲ್ಲ," ಅಂದೆ. "ಕೈ ಹೊರಗ ಹಾಕ್ರಿ. ತೋರಸ್ರಿ."

"ಬ್ಯಾಡ," ಅಂದರು ದಾಕ್ಷಾಯಿಣಿ. "ನಾ ಅದೇನಿ ಅಂತ ಬಿಟ್ಟರ, ಅದು ಬಿಟ್ಟಂಗ ಅಲ್ಲ."

ಎರಡನೇ ಗುದ್ದು. ಸ್ಟಿಯರಿಂಗ್ ಕೈತಪ್ಪಿತು. ಕಾರು ರಸ್ತೆ ಇಳಿದು, ಬದು ಹಾರಿ, ಉತ್ತ ಹೊಲದಲ್ಲಿ ಹೂತು ನಿಂತಿತು. ನನ್ನ ಹಣೆ ಗಾಜಿಗೆ. ಕಣ್ಣಿಗೆ ರಕ್ತ ಇಳಿಯಿತು. ಪಕ್ಕಕ್ಕೆ ನೋಡಿದರೆ ಸೀಟು ಖಾಲಿ!

ಅವರು ಆಗಲೇ ಇಳಿದು ಹೊಲದಲ್ಲಿ ನಡೆಯುತ್ತಿದ್ದರು. ಸೆರಗು ಹೊದ್ದು, ನೆಟ್ಟಗೆ. ಮುಂದೆ, ಕೂಗಳತೆಯಲ್ಲಿ, ಬನ್ನಿ ಗಿಡ.

ಎದ್ದು ಬಿದ್ದು ಹಿಂದೆ ಓಡಿದೆ. ಗಿಡದ ಬುಡದಲ್ಲಿ ಗಾಜು ಒಡೆದ ದೇವರ ಫೋಟೋಗಳು, ಬಣ್ಣ ಹೋದ ಗಣಪತಿ. ಅದರ ನಡುವೆ ಬಿಳಿ ಟವೆಲಿನ ಗಂಟು. ಬಿಚ್ಚಿದೆ. ಹೆಡ್‌ಲೈಟು! ಮುಂದಿನ ಒಂದು ಮೂಲೆ ಹಾರಿಹೋಗಿತ್ತು. ಪೊಲೀಸರ ಫೋಟೋದಲ್ಲಿ ನೋಡಿದ್ದ ಚೂರಿನ ಆಕಾರವೇ. ಉಳಿದ ಗಾಜಿನ ಮೇಲೆ ವಿಭೂತಿ ಇನ್ನೂ ಅಳಿಸಿರಲಿಲ್ಲ. ಹಿಂದೆ ಕನೆಕ್ಟರ್, ಕಂಪ್ಯೂಟರ್ ಡಬ್ಬಿ ಎರಡೂ ಗಟ್ಟಿ.

ಕುತ್ತಿಗೆಗೆ ತಣ್ಣಗೆ ಕಬ್ಬಿಣ ತಾಗಿತು. ವೀಲ್ ಸ್ಪ್ಯಾನರ್. ಅಮರೇಶ.

"ಅದನ್ನ ಇಡ್ರಿ ಮೇಡಂ," ಅಂದ. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ!

ಹಿಂದಿನಿಂದ ಸೌರಭ ಏದುಸಿರು ಬಿಡುತ್ತ ಬಂದ. ಗಿಡದ ಆಚೆ ಬದಿಯಿಂದ ತಾಯಿ ಈಚೆ ಬಂದರು. ಅವನು ಅಲ್ಲೇ ನಿಂತುಬಿಟ್ಟ. ತಾನು ಗುದ್ದಿದ ಕಾರು, ಅದರಲ್ಲಿ ಯಾರಿದ್ದರು ಅನ್ನುವುದು ಅವನಿಗೆ ಆಗ ಹೊಳೆಯಿತು.

"ಅವ್ವಾ... ನೀ ಯಾಕ ಇಲ್ಲೆ?"

ಅವರು ನನ್ನ ಕೈಯಿಂದ ಲೈಟು ತೆಗೆದುಕೊಂಡರು. ನಾನು ಬಿಟ್ಟೆ. ಬಿಡದೆ ಏನು ಮಾಡಲಿ? ಸ್ಪ್ಯಾನರ್ ಕುತ್ತಿಗೆಯಲ್ಲಿತ್ತು. ಮುಗಿಯಿತು ಅಂದುಕೊಂಡೆ. ಯಲ್ಲೇಶ ನಾಳೆ ಒಪ್ಪಿಕೊಳ್ಳುತ್ತಾನೆ, ಮುದಕವ್ವ ಊರು ಬಿಡುತ್ತಾಳೆ.

ದಾಕ್ಷಾಯಿಣಿ ಲೈಟನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಮಗನ ಮುಂದೆ ನಿಂತರು.

"ಎಮ್ಮಿ ಅಂದಿದ್ದಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಆ ಹುಡುಗಿಗೆ ಜೀವ ಇತ್ತೇನು?"

"ಅವ್ವಾ, ನಾ ಹೆದರಿದ್ದೆ. ಅಪ್ಪನ ಹೆಸರು..."

"ನಾ ಕೇಳಿದ್ದು ಅದಲ್ಲ."

ಸೌರಭ ನೆಲ ನೋಡಿದ. ಆಮೇಲೆ ಬಂದ ದನಿ ಅವನದು ಅಂತ ಅನ್ನಿಸಲೇ ಇಲ್ಲ.

"ಕಣ್ಣು ತಗದಿದ್ಲು. ನೀರು ಕೇಳಿದ್ಲು."

"ಕೊಟ್ಟಿ?"

ದೂರದಲ್ಲಿ ರಸ್ತೆಯ ಮೇಲೆ ಬಿಳಿ ಗಾಡಿ ಬಾಗಿಲು ತೆರೆದುಕೊಂಡು ನಿಂತಿತ್ತು.

"ಕೊಟ್ಟಿಯೇನು ಅಂತ ಕೇಳಾಕತ್ತೇನಿ, ಸೌರಭ."

"ಇಲ್ಲವ್ವಾ."

ಕುತ್ತಿಗೆಯ ಕಬ್ಬಿಣ ಸರಿಯಿತು. ತಿರುಗಿ ನೋಡಿದರೆ ಅಮರೇಶ ಸ್ಪ್ಯಾನರ್ ಕೆಳಗಿಟ್ಟು ದೂರ ಹೋಗಿ ಬದುವಿನ ಮೇಲೆ ಕೂತಿದ್ದ. ನೀರು ಕೇಳಿದ ವಿಷಯ ಅವನಿಗೂ ಗೊತ್ತಿರಲಿಲ್ಲವೋ ಏನೋ.

ಸೌರಭ ಕೈ ಚಾಚಿದ. ಅವ್ವಾ, ಅದನ್ನು ಕೊಡು, ಕಾಲಿಗೆ ಬೀಳುತ್ತೇನೆ ಅಂದ. ಬಿದ್ದ ಕೂಡ. ತಾಯಿ ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಆಮೇಲೆ ಅವರು ಸುತ್ತಿ ಹೋಗಲಿಲ್ಲ, ಅವನನ್ನು ದಾಟಿಕೊಂಡು ರಸ್ತೆಯ ಕಡೆ ನಡೆದರು.

"ಮೇಡಂ, ಆ ಗಾಡಿ ಹೊಡೀಲಿಕ್ಕೆ ಬರತೈತೇನು ನಿಮಗ?" ತಿರುಗದೆಯೇ ಕೇಳಿದರು. "ಠಾಣೇಕ್ಕ ಹೋಗೂಣು."

ಕೀ ಅದರಲ್ಲೇ ಇತ್ತು. ಸೌರಭನ ಗಾಡಿಯನ್ನೇ ಓಡಿಸಿದೆ! ಸಾಕ್ಷಿ ತನ್ನ ಕಾಲ ಮೇಲೆ ತಾನೇ ಠಾಣೆಗೆ ಹೊರಟಿತು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಇಷ್ಟೇ. ಲೂಸಿಗೆ ಮಕ್ಕಳಿದ್ದರೇನು ಅಂತ ಕೇಳಿದರು. ಇಲ್ಲ ಅಂದೆ. ತಾಯಿ? ಇದ್ದಾರೆ ಅಂದೆ. ಮಡಿಲ ಲೈಟಿನ ಮೇಲೆ ಸೆರಗು ಹೊದಿಸಿದರು.

ಠಾಣೆಯಲ್ಲಿ ಅಹಮದಸಾಬ ಇನ್ಸ್‌ಪೆಕ್ಟರಿಗೆ ತನ್ನ ಮಗಳ ಮದುವೆಯ ಕತೆ ಹೇಳಿ ಹೇಳಿ ಸುಸ್ತು ಮಾಡಿಟ್ಟಿದ್ದ. ದಾಕ್ಷಾಯಿಣಿ ಲೈಟನ್ನು ಮೇಜಿನ ಮೇಲಿಟ್ಟರು. ಅವನು ಬ್ಯಾಟರಿ ತಗುಲಿಸಿದ. ಸ್ಕ್ಯಾನರ್ ಹಚ್ಚಿದ. ಒಡೆದ ಲೈಟು ಒಮ್ಮೆ ಮಿಣುಕಿತು. ಸ್ಕ್ರೀನ್ ಮೇಲೆ ಚಾಸಿ ನಂಬರ್ ಬಂತು. ಇನ್ಸ್‌ಪೆಕ್ಟರು ಅಂಗಳಕ್ಕೆ ಹೋಗಿ ಗಾಡಿಯ ಮೇಲಿನ ನಂಬರ್ ನೋಡಿ ಬಂದರು. ಮತ್ತೆ ಹೋಗಿ ನೋಡಿ ಬಂದರು. ಆಮೇಲೆ ಸಾಕ್ಷಿಯ ಕವರಿನಿಂದ ಆ ಚೂರು ತೆಗೆದು ಲೈಟಿನ ಮೂಲೆಗೆ ಹಿಡಿದರು. ಕೂತಿತು.

ಮೊದಲ ಬಾರಿಗೆ ಆ ಮನುಷ್ಯನಿಗೆ ನನ್ನ ಮುಖ ನೋಡಲು ನಾಚಿಕೆಯಾಯಿತು. ಹೆಬ್ಬಳ್ಳಿಗೆ ಜೀಪು ಕಳಿಸಿದರು. ಸೌರಭ ಗಿಡದ ಬುಡದಲ್ಲೇ, ಅಮರೇಶ ಬದುವಿನ ಮೇಲೆಯೇ ಕೂತಿದ್ದರಂತೆ. ಸರ್ಕಾರಿ ವಕೀಲರಿಗೆ ಫೋನು ಹೋಯಿತು. ಯಲ್ಲೇಶ ನಾಳೆ ಒಪ್ಪಿಕೊಳ್ಳುವುದಿಲ್ಲ, ಬಿಡುಗಡೆಗೆ ಅರ್ಜಿ ಹಾಕಿ ಅಂದರು. ಮುದಕವ್ವನಿಗೆ ಸುದ್ದಿ ಮುಟ್ಟಿಸಲು ಅಹಮದಸಾಬನ ಫೋನಿಗೆ ಕೈ ಹಾಕಿದೆ. ಕೊಟ್ಟ. ಸ್ಕ್ಯಾನರಿನ ವಿಷಯ ಇನ್ನೂ ಮುಗಿದಿಲ್ಲ ಅಂತ ನೆನಪು ಮಾಡಿಯೇ ಕೊಟ್ಟ!

ಪಂಚನಾಮೆ ಬರೆಯಲು ಕೂತರು. ಹಾಜರುಪಡಿಸಿದ ವಸ್ತು, ಒಡೆದ ಹೆಡ್‌ಲೈಟು ಒಂದು. ಹಾಜರುಪಡಿಸಿದವರು... ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ನನ್ನ ಹೆಸರು ಬರೆಯಿರಿ ಅಂತ ನಾನೇ ಬೇಗ ಬೇಗ ಹೇಳಿದೆ. ಆ ಹೆಂಗಸಿನ ಪಾಲಿಗೆ ಇದೊಂದಾದರೂ ಕಡಿಮೆಯಾಗಲಿ ಅಂತ.

"ಖರೇ ಬರೀರಿ ಸಾಹೇಬ್ರ," ಅಂದರು ದಾಕ್ಷಾಯಿಣಿ. "ಅವನ ತಾಯಿ ತಂದುಕೊಟ್ಟಾಳ ಅಂತ ಬರೀರಿ."

ಬರೆದರು. ಸಹಿಗೆ ಕಾಗದ ತಿರುಗಿಸಿದರು. ಅವರು ನನ್ನ ಕಿಸೆಯಲ್ಲಿದ್ದ ಪೆನ್ನು ಕೇಳಿದರು. ನಿಧಾನಕ್ಕೆ, ಒಂದೊಂದೇ ಅಕ್ಷರ, ಪೂರ್ತಿ ಹೆಸರು ಬರೆದರು. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲಿಳಿದು ಹೋದರು.

ಯಾರ ಹತ್ತಿರ ಬೇಕಾದರೂ ಜಗಳ ತೆಗೆಯುವವಳು ನಾನು. ಆ ಪೆನ್ನನ್ನು ಮಾತ್ರ ವಾಪಸ್ ಕೇಳಲಿಲ್ಲ.